ಕರಡು ಓದದ ಕಮ್ಮಟಗಳು

ಕಮ್ಮಟ ಎಂಬ ಪದದ ಹಳೆಯ ಅರ್ಥ ಟಂಕಸಾಲೆ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ಕಮ್ಮಟಗಳು ಆ ಅರ್ಥವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಅಲ್ಲಿ ಪ್ರಮಾಣಪತ್ರಗಳು ಅಚ್ಚಾಗುತ್ತವೆ. ಬೆಳಗ್ಗೆ ದೀಪ, ಹಾರ, ಶಾಲು, ಆಶಯ ಭಾಷಣ. ಊಟದ ನಂತರ ಏಕಕಾಲಕ್ಕೆ ನಾಲ್ಕು ಗೋಷ್ಠಿಗಳು, ಒಬ್ಬೊಬ್ಬರಿಗೆ ಏಳು ನಿಮಿಷ. ಸಂಜೆ ಗುಂಪು ಫೋಟೊ. ಉದ್ಘಾಟಕರು ಅನುಭವ ಮಂಟಪದ ಹೆಸರು ಹೇಳದೆ ಮೈಕು ಬಿಡುವುದಿಲ್ಲ. ಆದರೆ ಆ ಇಡೀ ದಿನ ಒಬ್ಬ ಸಂಶೋಧಕ ಬರೆದ ಒಂದು ಪುಟವನ್ನಾದರೂ ಇನ್ನೊಬ್ಬ ಓದಿರುವುದಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ.

ಇದಕ್ಕೊಂದು ಕಾರಣವಿತ್ತು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕು, ವಿಚಾರ ಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡಿಸಿರಬೇಕು ಎಂದು ಯುಜಿಸಿಯ 2016ರ ನಿಯಮಾವಳಿ ಹೇಳಿತ್ತು. ಬೇಡಿಕೆ ಇದ್ದಲ್ಲಿ ಅಂಗಡಿ ಏಳುತ್ತದೆ. 2022ರ ನಿಯಮಾವಳಿ ಆ ಕಡ್ಡಾಯವನ್ನು ತೆಗೆದುಹಾಕಿತು. ಅಂಗಡಿ ಮಾತ್ರ ಮುಚ್ಚಲಿಲ್ಲ. ಈಗ ನಾವು ನಿಯಮಕ್ಕಾಗಿ ಅಲ್ಲ, ಅಭ್ಯಾಸಬಲದಿಂದ ಸಾಲಿನಲ್ಲಿ ನಿಲ್ಲುತ್ತಿದ್ದೇವೆ.

ಇದರ ನಷ್ಟ ಏನೆಂದು ನನಗೆ ತಿಳಿದದ್ದು ನನ್ನ ತಪ್ಪಿನಿಂದಲೇ. ನಮ್ಮೂರು ಗುರುಮಠಕಲ್ 1948ರ ತನಕ ನಿಜಾಮರ ಸಂಸ್ಥಾನದಲ್ಲಿತ್ತು. ಆ ಕಾಲದ ಜಮೀನಿನ ಕಾಗದಗಳನ್ನು ಇಟ್ಟುಕೊಂಡು ಒಂದು ಅಧ್ಯಾಯ ಬರೆದೆ. ಅದರಲ್ಲಿ ‘ಮಕ್ತೇದಾರ’ ಎಂಬುದನ್ನು ಒಂದು ಮನೆತನದ ಹೆಸರೆಂದು ತಿಳಿದು, ಆ ಮನೆತನದ ಏಳುಬೀಳಿನ ಕಥೆಯನ್ನೇ ಕಟ್ಟಿದ್ದೆ. ನಾಲ್ಕು ಕಡೆ ಮಂಡಿಸಿದೆ. ನಾಲ್ಕೂ ಕಡೆ ಚಪ್ಪಾಳೆ ಬಿತ್ತು, ಪ್ರಮಾಣಪತ್ರ ಸಿಕ್ಕಿತು. ಕೊನೆಗೆ ಊರಿನಲ್ಲಿ ಚಹಾ ಕುಡಿಯುತ್ತಾ ನಿವೃತ್ತ ಉರ್ದು ಮೇಷ್ಟ್ರೊಬ್ಬರಿಗೆ ಆ ಪುಟ ಓದಿ ಹೇಳಿದಾಗ ಅವರು ನಕ್ಕುಬಿಟ್ಟರು. “ಅದು ಮನಿತನದ ಹೆಸರಲ್ಲೋ ತಮ್ಮಾ, ಭೂಮಿ ಹಕ್ಕಿಂದು. ಮಕ್ತಾ ಅಂದ್ರ ಕಡಿಮಿ ಕಂದಾಯಕ್ಕ ಕೊಟ್ಟ ಭೂಮಿ. ಯಾರ್ನರ ಕೇಳಬೇಕಿತ್ತಿಲ್ಲೊ?” ಕೇಳಲೆಂದೇ ನಾನು ನಾಲ್ಕು ಕಡೆ ಹೋಗಿದ್ದೆ.

ಬೇರೆ ದಾರಿ ಇಲ್ಲವೇ? ಇದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ಅಧ್ಯಯನದ ಸಂಶೋಧನಾ ವಿದ್ಯಾರ್ಥಿಗಳು ನಡೆಸುವ ಕಮ್ಮಟಗಳ ಕ್ರಮ ಸರಳವಾದದ್ದು. ಕರಡು ಅಧ್ಯಾಯ ಮೊದಲೇ ಎಲ್ಲರ ಕೈಸೇರುತ್ತದೆ. ಎಲ್ಲರೂ ಓದಿಕೊಂಡು ಬರುತ್ತಾರೆ. ಬರೆದವನ ಮಾತು ಕಡಿಮೆ, ಓದಿದವರ ಮಾತು ಹೆಚ್ಚು. ಈ ಶಿಸ್ತು ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೆಯೇ. 1819ರಲ್ಲಿ ಬರ್ಲಿನ್ನಿನಲ್ಲಿ ಲಿಯೋಪೋಲ್ಡ್ ಜುಂಜ್, ಎಡ್ವರ್ಡ್ ಗಾನ್ಸ್ ಮೊದಲಾದ ಯುವಕರು ಒಂದು ಸಂಘ ಕಟ್ಟಿಕೊಂಡರು. ಜುಂಜ್‌ಗೆ ಆಗ 25 ವರ್ಷ. ವಿಶ್ವವಿದ್ಯಾಲಯದಲ್ಲಿ ಅವರ ವಿಷಯಕ್ಕೆ ಪೀಠವಿರಲಿಲ್ಲ, ಹಾಗಾಗಿ ಬರೆದದ್ದನ್ನು ತಮ್ಮತಮ್ಮಲ್ಲೇ ಓದಿ ಚರ್ಚಿಸಿದರು. ಸಂಘ 1824ರ ಹೊತ್ತಿಗೆ ಮುಗಿಯಿತು, ಶಾಸ್ತ್ರ ಉಳಿಯಿತು.

ಅದು ಅವರ ವಿಷಯ, ನಮಗೇನು ಎನ್ನುವವರು ಮಂಗಳೂರನ್ನು ನೆನೆಯಬೇಕು. ಟ್ಯುನೀಸಿಯಾದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೇ ಮಂಗಳೂರಿನಲ್ಲಿದ್ದ. 1149ರಲ್ಲಿ ಹಿಂದಿರುಗಿದ. ಅವನ ಪತ್ರಗಳು ಕೈರೋದ ಪ್ರಾರ್ಥನಾ ಮಂದಿರವೊಂದರ ಕಾಗದದ ಕೋಣೆಯಲ್ಲಿ, ಗೆನಿಜಾದಲ್ಲಿ, ಉಳಿದುಕೊಂಡವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವುಗಳಲ್ಲಿ ಅವನ ದಾಸನೂ ವ್ಯವಹಾರದ ಆಳೂ ಆಗಿದ್ದವನೊಬ್ಬನ ಹೆಸರು ಬರುತ್ತದೆ: ಬ, ಮ, ಹ. ಸ್ವರಗಳಿಲ್ಲದ ಮೂರು ಅಕ್ಷರ. ಗೆನಿಜಾದ ಮಹಾ ವಿದ್ವಾಂಸ ಎಸ್. ಡಿ. ಗೊಯ್ಟೈನ್ ಅದನ್ನು ‘ಬಾಮಾ’ ಎಂದು ಓದಿದ್ದರು. ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಬಿ. ಎ. ವಿವೇಕ ರೈ ಅವರೊಡನೆ ಚರ್ಚಿಸಿದ ಮೇಲೆ ಅದು ‘ಬೊಮ್ಮ’ ಆಯಿತು. ಅದೇ ಶತಮಾನದ ಕಿನ್ನರಿ ಬೊಮ್ಮಯ್ಯನ ಹೆಸರು ಕೇಳಿದ ಯಾವ ಕನ್ನಡ ವಿದ್ಯಾರ್ಥಿಗೂ ಹೊಳೆಯಬಹುದಾದ ಹೆಸರು ಅದು. ಹೊಳೆಯಬೇಕಾದರೆ ಆ ಕಾಗದದ ಮುಂದೆ ಅವನೂ ಕೂತಿರಬೇಕು. ಒಬ್ಬನಿಗೆ ಲಿಪಿ ಗೊತ್ತು, ಇನ್ನೊಬ್ಬನಿಗೆ ಊರು ಗೊತ್ತು. ಇಬ್ಬರೂ ಒಂದೇ ಪುಟ ನೋಡಿದಾಗ ಮಾತ್ರ ಆ ಮನುಷ್ಯನಿಗೆ ಅವನ ಹೆಸರು ಮರಳಿ ಸಿಕ್ಕಿತು.

ಅವರ ಬಳಿ ಹಣವಿದೆ, ನಮ್ಮ ಬಳಿ ಎಲ್ಲಿದೆ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಒಂದು ಮೇಜು, ಹತ್ತು ಕುರ್ಚಿ, ಹತ್ತು ಜೆರಾಕ್ಸ್ ಪ್ರತಿಗಳಿಗೆ ತಗಲುವ ಖರ್ಚು ಒಂದು ಉದ್ಘಾಟನೆಯ ಶಾಲು ಹಾರಗಳಷ್ಟೂ ಆಗದು. ನಿಜವಾದ ಅಡ್ಡಿ ಅಂಜಿಕೆ. ಪ್ರಶ್ನೆ ಕೇಳಿದರೆ ಮಾರ್ಗದರ್ಶಕರಿಗೆ ಅವಮಾನವಾದೀತೆಂಬ ಅಂಜಿಕೆ, ಕರಡು ತೋರಿಸಿದರೆ ಯಾರಾದರೂ ಕದ್ದಾರೆಂಬ ಅಂಜಿಕೆ, ನಮಗೆ ಗೊತ್ತಿಲ್ಲದ್ದು ನಾಲ್ಕು ಜನಕ್ಕೆ ಗೊತ್ತಾದೀತೆಂಬ ಅಂಜಿಕೆ. ಮೊದಲ ಎರಡಕ್ಕೆ ಆಧಾರವಿಲ್ಲ ಎನ್ನಲಾರೆ. ಮೂರನೆಯದು ಮಾತ್ರ ಪೂರ್ತಿ ನಮ್ಮದೇ. ಅದನ್ನು ಬಿಡದೆ ಸಂಶೋಧನೆ ಶುರುವಾಗುವುದಿಲ್ಲ.

ಆದ್ದರಿಂದ ಸಂಶೋಧನಾ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ. ಸುತ್ತೋಲೆಗಾಗಿ ಕಾಯುವುದು ಬೇಡ. ಹದಿನೈದು ದಿನಕ್ಕೊಮ್ಮೆ ಒಬ್ಬರ ಒಂದು ಅಧ್ಯಾಯ. ವಾರದ ಮೊದಲೇ ಹಂಚಿಕೆ. ಓದದೆ ಬಂದವರಿಗೆ ಮಾತಿಲ್ಲ. ಯಾರಿಗೂ ಪ್ರಮಾಣಪತ್ರವಿಲ್ಲ. ಪ್ರತಿ ಸಲವೂ ವಿಶ್ವವಿದ್ಯಾಲಯದ ಹೊರಗಿನವರಿಗೆ ಒಂದು ಕುರ್ಚಿ: ಉರ್ದು ಮೇಷ್ಟ್ರು, ಹಳೆಯ ಕುಲಕರ್ಣಿ, ಹಾಡು ಬಲ್ಲ ಅಜ್ಜಿ, ಯಾರಾದರೂ ಸರಿ.

ಮಕ್ತೇದಾರರ ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ. ಮೂವತ್ತೆರಡು ಪುಟ. ಚಪ್ಪಾಳೆ ಬೇಡ, ಓದಿ ಬೈಯುವ ಹತ್ತು ಜನ ಬೇಕು.