ಗೋಡೆಗೆ ತೂಗುಬಿದ್ದ ತಂಬೂರಿ ಕೆಳಗಿಳಿಯಲಿ

ನಮ್ಮ ಏಕಸಂಬಿ ಸುತ್ತಿನ ಊರುಗಳಲ್ಲಿ ಭಜನಾ ಮಂಡಳಿ ಇದ್ದಲ್ಲಿ ಗೋಡೆಯ ಮೊಳೆಗೆ ತೂಗುಬಿದ್ದ ಒಂದು ಹಳೆಯ ತಂಬೂರಿಯೂ ಬಹಳ ಸಲ ಕಣ್ಣಿಗೆ ಬೀಳುತ್ತದೆ. ತಂತಿ ಹರಿದು, ಬುರುಡೆ ಬಿರುಕು ಬಿಟ್ಟಿರುತ್ತದೆ. ಹಬ್ಬಕ್ಕೊಮ್ಮೆ ಅದಕ್ಕೆ ಕುಂಕುಮ, ಹೂವಿನ ಸರ. ಭಜನೆಗೆ ಶ್ರುತಿ ಮಾತ್ರ ಮೊಬೈಲ್ ಆ್ಯಪ್‌ನಿಂದ. ಪೂಜೆ ಮಾಡುತ್ತೇವೆ, ನುಡಿಸುವುದಿಲ್ಲ. ಇದು ವಾದ್ಯಕ್ಕೆ ತೋರುವ ಗೌರವವಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಮಾತಿಗೆ ನಾವು ಬಂದದ್ದು ನಮ್ಮದೇ ಒಂದು ತಪ್ಪಿನಿಂದ.

ನಮ್ಮ ಬಳಗದ ಗೆಳೆಯನ ಮನೆಯ ಅಟ್ಟದ ಮೇಲೆ ಅವನ ಅಜ್ಜನ ತಂಬೂರಿ ಇತ್ತು. ಕಳೆದ ದೀಪಾವಳಿಗೆ ಮನೆಗೆ ಬಣ್ಣ ಹಚ್ಚುವಾಗ ಕೆಳಗಿಳಿಸಿದೆವು. ಬಿರುಕಿಗೆ ಅಂಟು ಸುರಿದು, ಮೇಲೆ ಎಣ್ಣೆಬಣ್ಣ ಬಳಿದು, ಪೇಟೆಯಿಂದ ತಂತಿ ತಂದು ಕಟ್ಟಿದೆವು. ನೋಡಲು ಹೊಸದರಂತೆ ಹೊಳೆಯಿತು. ಮೀಟಿದರೆ ಡಬ್ಬಿ ಬಡಿದಂತೆ ಸಪ್ಪಳ! ಪಕ್ಕದಲ್ಲಿದ್ದ ಅಜ್ಜ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದರು. ಅದೇ ನಮಗೆ ಹೆಚ್ಚು ನೋವಾಯಿತು.

ಗಡಿಯಾಚೆ, ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರದಲ್ಲಿ ಮಿರಜ ಇದೆ. ಆಸ್ಪತ್ರೆಗೆಂದು ನಾವೆಲ್ಲ ಅಲ್ಲಿಗೆ ಹೋಗಿಬಂದವರೇ. ತಂಬೂರಿ, ಸಿತಾರಗಳಿಗೂ ಅದೇ ಊರು ಆಸ್ಪತ್ರೆ ಎಂಬುದು ತಲೆಗೆ ಹೊಳೆದದ್ದು ಆಮೇಲೆ. 19ನೇ ಶತಮಾನದಲ್ಲಿ ಕತ್ತಿ, ಆಯುಧಗಳಿಗೆ ಗಿರಾಕಿ ಕಡಿಮೆಯಾದಾಗ ಅಲ್ಲಿನ ಶಿಕಲಗಾರ ಮನೆತನಗಳು ತಂತಿವಾದ್ಯದ ಕಸುಬಿಗೆ ತಿರುಗಿದವು. ಆ ಪರಂಪರೆಯ ಮೂಲದಲ್ಲಿ ಫರೀದಸಾಹೇಬರ ಹೆಸರಿದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಕೊನೆಯವರೆಗೆ ನೆಲೆಸಿದ್ದ ಊರೂ ಅದೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ನಾವು ಕನ್ನಡದ ಹೆಮ್ಮೆ ಎನ್ನುವ ಈ ಗಾಯನದ ಬೇರು ಮಿರಜದವರೆಗೂ ಹೋಗುತ್ತದೆ.

ನಮ್ಮ ತಂಬೂರಿ ನೋಡಿದ ಅಲ್ಲಿನ ಹಿರಿಯ ಕುಶಲಕರ್ಮಿ ಮೊದಲು ಕೇಳಿದ್ದು, "ಇದಕ್ಕ ಬಣ್ಣಾ ಹಚ್ಚಿದವ್ರ ಯಾರ್ರಿ?" ನಾವು ತಲೆ ತಗ್ಗಿಸಿದೆವು. "ಮೊದ್ಲ ಇದನ್ನ ಉಸಿರಾಡಾಕ ಬಿಡ್ರಿ" ಎಂದರು. ಸೋರೆ ಬುರುಡೆ ಮತ್ತು ಅದರ ಬಾಯಿ ಮುಚ್ಚಿದ ತೆಳು ಹಲಗೆ ಕಂಪಿಸಿದರೇನೇ ನಾದ. ದಪ್ಪ ಬಣ್ಣ ಆ ಕಂಪನವನ್ನು ತಡೆಯುತ್ತದೆ. ಅವರು ಬಣ್ಣವನ್ನೂ ನಮ್ಮ ಅಂಟನ್ನೂ ಕೆರೆದು ತೆಗೆದರು. ಬಿರುಕಿಗೆ ಮರದ ಹುಡಿ ಕಲಸಿದ ಅಂಟು ತುಂಬಿ, ಒಳಗಿನಿಂದ ಬಟ್ಟೆ ಅಂಟಿಸಿದರು. ಜಾರುತ್ತಿದ್ದ ಬಿರಡೆಗಳಿಗೆ ಸೀಮೆಸುಣ್ಣ ತಿಕ್ಕಿದರು. ಕೊನೆಗೆ ತೆಳುವಾಗಿ ಅರಗಿನ ಪಾಲಿಶ್.

ನಿಜವಾದ ಕೆಲಸ ಇನ್ನೂ ಬಾಕಿ ಇತ್ತು. ಅದರ ಹೆಸರು ಜವಾರಿ. ನಮಗೆ ಜವಾರಿ ಎಂದರೆ ನಾಟಿ ಬದನೆಕಾಯಿ, ನಾಟಿ ಕೋಳಿ. ಅವರಿಗೆ ಜವಾರಿ ಎಂದರೆ ತಂತಿ ಹಾಯುವ ಕುದುರೆಯ ಮೈಯನ್ನು ತುಸುವೇ ಇಳಿಜಾರಾಗಿ ಉಜ್ಜುವ ಕಲೆ. ತಂತಿ ಆ ಮೈಯನ್ನು ಸವರಿ ಕಂಪಿಸಿದಾಗ ಝೇಂಕಾರ ಏಳುತ್ತದೆ. ವರ್ಷಗಟ್ಟಲೆ ನುಡಿಸಿದಾಗ ತಂತಿ ಅಲ್ಲಿ ಗೀರು ಕೊರೆದು ನಾದ ಮಂಕಾಗುತ್ತದೆ. ಉಜ್ಜುವುದು, ಮೀಟುವುದು, ಕಿವಿಗೊಡುವುದು, ಮತ್ತೆ ಉಜ್ಜುವುದು. ಒಂದು ಉಜ್ಜು ಹೆಚ್ಚಾದರೂ ಕೆಟ್ಟಿತು. ಕೊನೆಗೆ ತಂತಿಯ ಕೆಳಗೆ ಒಂದೊಂದು ನೂಲಿನೆಳೆ ಸರಿಸುತ್ತಾರೆ. ಅದಕ್ಕೆ ಜೀವಾ ಎನ್ನುತ್ತಾರೆ. ಎಳೆ ಸರಿಯಾದ ಜಾಗಕ್ಕೆ ಬಂದಾಗ ಇಡೀ ಕೋಣೆ ಗುಂಯ್ ಎಂದಿತು.

2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಜಿಐ ಮಾನ್ಯತೆ ಸಿಕ್ಕಿತು. ಒಳ್ಳೆಯದೇ. ಆದರೆ ಜಿಐ ಹೆಸರನ್ನು ಕಾಯುತ್ತದೆ. ಉಜ್ಜುವ ಕೈ, ಕೇಳುವ ಕಿವಿ ಉಳಿಯಬೇಕಾದರೆ ಕೆಲಸ ಬರುತ್ತಿರಬೇಕು. ಆ ಕೆಲಸ ನಮ್ಮ ಗೋಡೆಗಳ ಮೇಲೆ ತೂಗುಬಿದ್ದಿದೆ. "ಆ್ಯಪ್ ಇರುವಾಗ ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಒಬ್ಬರೇ ಅಭ್ಯಾಸಕ್ಕೆ ಕೂತಾಗ ಆ್ಯಪ್ ಸಾಕು, ನಾವೂ ಬಳಸುತ್ತೇವೆ. ಆದರೆ ಶ್ರುತಿ ಕೂಡಿಸಲು ಬಿರಡೆ ತಿರುವುತ್ತ ಹುಡುಗನ ಕಿವಿ ಪಳಗುತ್ತದೆ. ಗುಂಡಿ ಒತ್ತಿದರೆ ಆ ಪಾಠ ತಪ್ಪುತ್ತದೆ.

ಆದ್ದರಿಂದ ಮಂಡಳಿ, ಮಠ, ಗುಡಿಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಬಣ್ಣದ ಡಬ್ಬಿ ತೆರೆಯುವ ಮೊದಲು ತಂಬೂರಿಯನ್ನು ಬಲ್ಲವರಿಗೆ ತೋರಿಸಿ. ಜವಾರಿಗೆ ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ, ಅದು ಕಿವಿಯ ಕೂಲಿ. ಜಾತ್ರೆಯ ಪೆಂಡಾಲು, ಡಾಲ್ಬಿಗೆ ಎತ್ತುವ ಪಟ್ಟಿಯಲ್ಲಿ ವಾದ್ಯದ ದುರಸ್ತಿಗೂ ಒಂದು ಪಾಲು ತೆಗೆದಿಡಿ. ಹೊಸ ವಾದ್ಯಕ್ಕೆ ಸರ್ಕಾರದ ಧನಸಹಾಯ ಕೇಳುವಾಗ ಹಳೆಯದರ ರಿಪೇರಿಗೂ ಕೇಳಿ. ರಿಪೇರಿಯಾದ ಮೇಲೆ ಮತ್ತೆ ಮೊಳೆಗೆ ಹಾಕಬೇಡಿ. ಊರಿನ ಒಂದು ಮಗುವಿನ ಕೈಗೆ ಕೊಡಿ.

ನಮ್ಮ ತಂಬೂರಿ ಊರಿಗೆ ಬಂದ ಸಂಜೆ ಅಜ್ಜ ಅದನ್ನು ಹೆಗಲಿಗೆ ಒರಗಿಸಿಕೊಂಡು ಬಹಳ ಹೊತ್ತು ಮೀಟಿದರು. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮಾಗ ಯಾರು ಕಲೀತೀರಿ?" ಎಂದರು. ಈಗ ನಾವಿಬ್ಬರು ಪ್ರತಿ ಸೋಮವಾರ ಅವರ ಮುಂದೆ ಕೂಡುತ್ತಿದ್ದೇವೆ. ಶ್ರುತಿ ಇನ್ನೂ ಕೂಡಿಲ್ಲ.