'ಗುಡ್' ಅಂದರೆ ಯಾವುದು ಗುಡ್?

ಕಳೆದ ತಿಂಗಳು ನಮ್ಮ ವಾಟ್ಸಾಪಿಗೆ ಮೂರು ಫೋಟೊ ಬಂದವು. ನೋಟ್‌ಬುಕ್ಕಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದ ಪ್ರಬಂಧ. ಕಳಿಸಿದ್ದು ನಮ್ಮ ಪಕ್ಕದ ಹಳ್ಳಿಯ, ಈಗಷ್ಟೇ ದ್ವಿತೀಯ ಪಿಯು ಮುಗಿಸಿದ ಹುಡುಗಿ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅಲ್ಲಿ ಟಿಕ್ ಹಾಕುವ ಪ್ರಶ್ನೆಗಳ ಜೊತೆಗೆ ಪ್ರಬಂಧವನ್ನೂ ಬರೆಯಬೇಕು. ಫೋಟೊಗಳ ಕೆಳಗೆ ಒಂದು ಸಾಲು: "ಅಣ್ಣಾ, ಓದಿ ಹೆಂಗದ ಹೇಳ್ರಿ."

ನಾವು ಆಗ ಗ್ರಾಮ ಪಂಚಾಯಿತಿ ಸಭೆಯ ಸುದ್ದಿ ಕಳಿಸುವ ಗಡಿಬಿಡಿಯಲ್ಲಿದ್ದೆವು. 'ಗುಡ್' ಎಂದು ಟೈಪ್ ಮಾಡಿ, ಹೆಬ್ಬೆರಳು ಒತ್ತಿ ಕೈತೊಳೆದುಕೊಂಡೆವು. ಒಂದು ಸಾಲೂ ಓದಿರಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಮೆಸೇಜು: "ಅಣ್ಣಾ, ಗುಡ್ ಅಂದ್ರ ಯಾವ್ದು ಗುಡ್?"

ನಾಚಿಕೆಯಾಗಿ ಕುಳಿತು ಓದಿದೆವು.

ವಿಷಯ ವಲಸೆ. ಮೊದಲ ಎರಡು ಪುಟಗಳಲ್ಲಿ 'ಇಂದಿನ ಆಧುನಿಕ ಯುಗದಲ್ಲಿ' ಎಂದು ಶುರುವಾಗುವ, ಯಾವ ಗೈಡಿನಲ್ಲಾದರೂ ಸಿಗುವ ಮಾತುಗಳು. ಮೂರನೆಯ ಪುಟದ ಕೊನೆಗೆ ಬೇರೆಯೇ ನಾಲ್ಕು ಸಾಲು. ದೀಪಾವಳಿ ಕಳೆದ ಮೇಲೆ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಜ್ಜಿಯ ಮಾತ್ರೆ, ರೇಷನ್ನಿಗೆ ಹೆಬ್ಬೆಟ್ಟು, ತಮ್ಮನ ಶಾಲೆ ಎಲ್ಲ ತನ್ನ ಪಾಲಿಗೆ. ಯುಗಾದಿಗೆ ಅವ್ವ ಬಂದಾಗ ತಮ್ಮ ಆಕೆಯ ಹತ್ತಿರ ಹೋಗಲು ಎರಡು ದಿನ ತೆಗೆದುಕೊಳ್ಳುತ್ತಾನೆ.

ಆ ನಾಲ್ಕು ಸಾಲಿನ ಮೇಲೆ ಕೆಂಪು ಗೀಟು ಎಳೆದಿತ್ತು. ಪಕ್ಕದಲ್ಲಿ 'ಪರ್ಸನಲ್ ಮ್ಯಾಟರ್ ಬೇಡ' ಎಂಬ ಷರಾ. ಅದು ಆಕೆ ಫೀಸು ಕಟ್ಟಿ ಹೋಗುವ ಕೋಚಿಂಗ್ ಸೆಂಟರಿನವರ ತಿದ್ದುಪಡಿ. ಉಳಿದ ಎರಡು ಪುಟಕ್ಕೆ ಮೂರು ಸ್ಪೆಲಿಂಗ್ ಸರಿಮಾಡಿ, ಒಂದು ದೊಡ್ಡ ಟಿಕ್ ಹಾಕಿದ್ದರು. ಇಡೀ ಪ್ರಬಂಧದಲ್ಲಿ ಆಕೆಯೇ ಬರೆಯಬಹುದಾಗಿದ್ದದ್ದು ಆ ನಾಲ್ಕು ಸಾಲು ಮಾತ್ರ. ಹೊಡೆದು ಹಾಕಿದ್ದೂ ಅದನ್ನೇ.

ನಮ್ಮ ತಕರಾರು ಒಂದು ಸೆಂಟರಿನ ಮೇಲಷ್ಟೇ ಅಲ್ಲ. ಹಳ್ಳಿಯ ಮಕ್ಕಳ ಬರಹವನ್ನು ಯಾರೂ ಓದುವುದಿಲ್ಲ, ಓದದೆಯೇ ಅಂಕ ಕೊಡುತ್ತಾರೆ. ಇದು ನಮ್ಮ ತಕರಾರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಬಂಧ ಬಾಯಿಪಾಠ, ಪಿಯುಸಿಯಲ್ಲೂ ಬಾಯಿಪಾಠ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹ ಕಂಡರೆ ಸಾಕು, ಅಂಕ ಬೀಳುತ್ತದೆ. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಣ ಕಟ್ಟಿ ಆ ಪ್ರತಿ ತರಿಸಿ ನೋಡಿ. ಪ್ರಬಂಧದ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಯಾಕೆ ಬಂತು ಎಂಬುದು ಇರುವುದಿಲ್ಲ.

ಮುಂದಿನ ದಾರಿಯಲ್ಲೂ ಓದುವವರಿಲ್ಲ. ಸಿಇಟಿ, ನೀಟ್ ಎರಡರಲ್ಲೂ ಆಯ್ಕೆ ಪ್ರಶ್ನೆಗಳೇ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಿಯುಇಟಿ ಬಂತು. ಅದನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಇದೆ, ಸಂತೋಷ. ಆದರೆ ಅಲ್ಲಿಯೂ ಕನ್ನಡದಲ್ಲಿ ನಾಲ್ಕು ವಾಕ್ಯ ಕಟ್ಟುವ ಕೆಲಸವಿಲ್ಲ, ಸರಿಯುತ್ತರ ಆರಿಸಿದರೆ ಆಯಿತು. ಹನ್ನೆರಡು ವರ್ಷ ಹೀಗೆ ಬೆಳೆಸಿದ ಹುಡುಗಿಯನ್ನು ಕರೆದು, 'ನಿನ್ನ ಸ್ವಂತ ವಿಚಾರ ಬರಿ' ಎಂದು ಒಂದು ಪರೀಕ್ಷೆ ಕೇಳುತ್ತದೆ.

ಅದೇ ಪರೀಕ್ಷೆಗೆ ಕೂರುವ ನಗರದ ಹುಡುಗನ ಪ್ರಬಂಧವನ್ನು ಮನೆಯಲ್ಲಿ ತಾಯಿ ಓದಿರುತ್ತಾಳೆ, ಶಾಲೆಯ ಮೇಡಂ ಓದಿರುತ್ತಾರೆ, ದುಡ್ಡು ಕೊಟ್ಟು ಇಟ್ಟುಕೊಂಡ ಟ್ಯೂಟರ್ ಓದಿರುತ್ತಾರೆ. ಆತ ನಾಲ್ಕು ಸಲ ತಿದ್ದಿ ಬರೆದು ಬಂದಿರುತ್ತಾನೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಒಂದು ಟಿಕ್ಕು, ಒಂದು ಹೆಬ್ಬೆರಳು. ಆಮೇಲೆ ಇದನ್ನು ಪ್ರತಿಭೆಯ ಪರೀಕ್ಷೆ ಅನ್ನುತ್ತಾರೆ.

'ಮೇಷ್ಟ್ರಿಗೆ ಪುರುಸೊತ್ತೆಲ್ಲಿ?' ಎನ್ನುವವರಿದ್ದಾರೆ. ನಿಜ. ತರಗತಿಯಲ್ಲಿ 60 ಮಕ್ಕಳಿದ್ದು, ಒಂದು ಪ್ರಬಂಧಕ್ಕೆ 10 ನಿಮಿಷ ಹಿಡಿದರೂ 10 ತಾಸು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಅತಿಥಿ ಉಪನ್ಯಾಸಕರಿಂದ ಆ ತಾಸುಗಳನ್ನು ಪುಕ್ಕಟೆ ಕೇಳುವುದು ತಪ್ಪು. ಆದರೆ ಅರ್ಜಿ ಶುಲ್ಕ ತೆಗೆದುಕೊಂಡು ಪ್ರಬಂಧ ಬರೆಸುವ ಸಂಸ್ಥೆಗಳಿಗೆ ಈ ನೆಪ ಇಲ್ಲ. ಯಾವುದಕ್ಕೆ ಎಷ್ಟು ಅಂಕ ಎಂದು ಅವು ಮೊದಲೇ ಪ್ರಕಟಿಸಲಿ. ಹಿಂದಿನ ವರ್ಷದ ನಾಲ್ಕು ಉತ್ತರಗಳನ್ನು ಹೆಸರು ತೆಗೆದು, ಷರಾ ಸಮೇತ ಹಾಕಲಿ. ಫೇಲಾದವರಿಗೆ ಕಾರಣ ಹೇಳುವ ಎರಡು ಸಾಲು ಬರೆಯಲಿ. ಕೋಚಿಂಗಿನವರು ಫೀಸು ಪಡೆದ ಮೇಲೆ ಒಂದೇ ಪ್ರಬಂಧವನ್ನು ಎರಡನೇ ಸಲ ಬರೆಸಿ, ಅದನ್ನೂ ಓದಲಿ. ಎರಡನೇ ಕರಡು ಇಲ್ಲದ ತಿದ್ದುಪಡಿ ಬರೀ ಕೆಂಪು ಶಾಯಿಯ ಖರ್ಚು.

ಇನ್ನು ನಮ್ಮ ಮಾತು. ನಾವು ಸ್ಟ್ರಿಂಗರ್‌ಗಳು ಡೆಸ್ಕಿನವರನ್ನು ಬಯ್ಯುತ್ತೇವೆ. ಕಳಿಸಿದ ಮೂವತ್ತು ಸಾಲು ಎಂಟಾಗಿ ಅಚ್ಚಾಗುತ್ತದೆ, ಯಾಕೆ ಕತ್ತರಿಸಿದಿರಿ ಎಂದರೆ ಉತ್ತರವಿಲ್ಲ, ಹತ್ತು ವರ್ಷ ಬರೆದರೂ ಕಲಿಸುವವರಿಲ್ಲ ಎಂದು ಚಹಾದಂಗಡಿಯಲ್ಲಿ ಗೊಣಗುತ್ತೇವೆ. ಆದರೆ ನಮ್ಮ ಕೈಗೆ ಒಂದು ಹುಡುಗಿಯ ಬರಹ ಬಂದಾಗ ನಾವೂ ಡೆಸ್ಕಿನವರೇ ಆದೆವು. ಅವರಾದರೂ ಕತ್ತರಿಸುವ ಮೊದಲು ಓದಿರುತ್ತಾರೆ.

ಒಳ್ಳೆಯ ಓದಿಗೆ ಇಂಗ್ಲಿಷ್ ಪಂಡಿತರೇ ಬೇಕೆಂದಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು. ನೀನು ಹೇಳುತ್ತಿರುವುದನ್ನು ಒಂದೇ ವಾಕ್ಯದಲ್ಲಿ ಹೇಳು ನೋಡೋಣ. ನಿನ್ನ ಹೊರತು ಬೇರೆ ಯಾರೂ ಬರೆಯಲಾಗದ ಸಾಲು ಯಾವುದು? ಯಾವ ಸಾಲು ತೆಗೆದರೆ ಏನೂ ನಷ್ಟವಿಲ್ಲ? ವ್ಯಾಕರಣ ಆಮೇಲೆ.

ಆ ಹುಡುಗಿಗೆ ಫೋನು ಮಾಡಿ ಕ್ಷಮೆ ಕೇಳಿ, ಈ ಮೂರನ್ನು ಕೇಳಿದೆವು. ಎರಡನೆಯ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಡದ್ ಹಾಕ್ಯಾರಲ್ರೀ ಅಣ್ಣಾ, ಅದೇ" ಎಂದಳು. ಮೊನ್ನೆ ಎರಡನೇ ಕರಡು ಬಂದಿದೆ. ತಮ್ಮನ ಎರಡು ದಿನದಿಂದಲೇ ಶುರುವಾಗುತ್ತದೆ. ಆಮೇಲೆ ಯಾಕೆ ಗುಳೆ, ಊರಲ್ಲಿ ಉದ್ಯೋಗ ಖಾತ್ರಿ ಕೆಲಸ ಯಾವಾಗ ಸಿಗುತ್ತದೆ, ಯಾವಾಗ ಇಲ್ಲ ಎಂದು ಮುಂದೆ ಹೋಗುತ್ತದೆ. ಸ್ಪೆಲಿಂಗ್ ತಪ್ಪು ಇನ್ನೂ ಇವೆ. ಪರೀಕ್ಷೆಗೆ ಮೂರು ವಾರವಿದೆ, ತಿದ್ದಬಹುದು.

ನಿಮ್ಮ ಫೋನಿನಲ್ಲೂ ಇಂಥ ಫೋಟೊ ಒಂದು ಓದದೆ ಬಿದ್ದಿರಬಹುದು. ಇವತ್ತು ಹತ್ತು ನಿಮಿಷ ತೆಗೆದು ಓದಿ.