ಅಂಚೆ ಪೆಟ್ಟಿಗೆಯ ಮೇಲೊಂದು ಹೆಸರು



ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಪರದೇಶಕ್ಕೆ ಕಳುಹಿಸುವ ಮನೆತನಗಳು ಈಗ ನಮ್ಮಲ್ಲಿ ವಿರಳವಲ್ಲ. ಕಳುಹಿಸುವ ಮುನ್ನ ಹಣಕಾಸು, ವೀಸಾ, ಉಣ್ಣೆಯ ಬಟ್ಟೆ, ಚಟ್ನಿಪುಡಿ ಎಲ್ಲದರ ಚಿಂತೆಯನ್ನೂ ಮಾಡುತ್ತೇವೆ. ಆದರೆ ಅಲ್ಲಿ ಕಾಲಿಟ್ಟ ಮೊದಲ ಹದಿನೈದು ದಿನಗಳನ್ನು ಮಗು ಹೇಗೆ ಕಳೆದೀತೆಂಬ ವಿಚಾರ ನಮ್ಮ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ನನ್ನ ತಮ್ಮನ ಮಗಳ ಅನುಭವವನ್ನು, ಅವಳ ಒಪ್ಪಿಗೆ ಪಡೆದೇ, ಈ ಸಲ ತಮ್ಮ ಮುಂದಿಡುತ್ತಿದ್ದೇನೆ.

2023ರ ಸೆಪ್ಟೆಂಬರ್ ಕೊನೆಯಲ್ಲಿ ಅವಳು ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಸೆಮಿಸ್ಟರಿನ ಮಟ್ಟಿಗೆ ಜರ್ಮನಿಯ ಟ್ಯೂಬಿಂಗನ್‌ಗೆ ಹೋದಳು. ನೆಕಾರ್ ನದಿಯ ದಂಡೆಯ ಆ ಪುಟ್ಟ ಊರಿನ ವಿಶ್ವವಿದ್ಯಾಲಯ 1477ರಲ್ಲಿ ಸ್ಥಾಪಿತವಾದದ್ದು. ಆ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೋ ಶುಲ್ಕವನ್ನು ಗೊತ್ತುಪಡಿಸಿದ್ದರೂ, ಒಪ್ಪಂದದ ಮೇಲೆ ಬರುವ ವಿನಿಮಯ ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿಯಿದೆ. ನಮ್ಮ ತಮ್ಮನಂಥ ಮಧ್ಯಮ ವರ್ಗದ ತಂದೆ ಧೈರ್ಯ ಮಾಡಿದ್ದು ಆ ಕಾರಣದಿಂದಲೇ.

ಅವಳು ತಲುಪಿದ್ದು ಶನಿವಾರ ರಾತ್ರಿ. ಹಳೆಯ ಮನೆಯೊಂದರ ಎರಡನೆಯ ಅಂತಸ್ತಿನಲ್ಲಿ ಇನ್ನಿಬ್ಬರು ವಿದ್ಯಾರ್ಥಿನಿಯರೊಡನೆ ಹಂಚಿಕೊಳ್ಳುವ ಬಾಡಿಗೆ ವಸತಿ. ತರಗತಿಗಳು ಅಕ್ಟೋಬರ್ ಮಧ್ಯದಲ್ಲಿ ಆರಂಭವಾಗುವುದರಿಂದ ಆ ಇಬ್ಬರೂ ಇನ್ನೂ ತಮ್ಮ ಊರುಗಳಿಂದ ಮರಳಿರಲಿಲ್ಲ. ಮರುದಿನ ಭಾನುವಾರ, ಹಾಲು, ಬ್ರೆಡ್ಡು ತರೋಣವೆಂದು ಹೊರಟರೆ ಬೀದಿಯುದ್ದಕ್ಕೂ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಭಾನುವಾರದ ವಿಶ್ರಾಂತಿ ಆ ದೇಶದಲ್ಲಿ ಸಂವಿಧಾನದ ರಕ್ಷಣೆಯನ್ನೇ ಪಡೆದಿದೆ. 1919ರ ಸಂವಿಧಾನದ ಆ ವಿಧಿಯನ್ನು 1949ರ ಸಂವಿಧಾನವೂ ಉಳಿಸಿಕೊಂಡಿದೆ. ಸೋಮವಾರ ಅಂಗಡಿಗಳು ತೆರೆದವು. ಮಂಗಳವಾರ ಅಕ್ಟೋಬರ್ 3, ಎರಡು ಜರ್ಮನಿಗಳು ಒಂದಾದ ದಿನದ ರಜೆ. ಮತ್ತೆ ಎಲ್ಲವೂ ಬಂದ್. ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದುದರಿಂದ ಹೊಟ್ಟೆಗೆ ಕೊರತೆಯಾಗಲಿಲ್ಲ. ಕೊರತೆಯಾದದ್ದು ಮಾತಿಗೆ. "ಅವ್ವಾ, ಮೂರು ದಿನದಿಂದ ನನ್ನ ಹೆಸರು ಹಿಡಿದು ಯಾರೂ ಕರೆದಿಲ್ಲ" ಎಂದು ಫೋನಿನಲ್ಲಿ ಅತ್ತುಬಿಟ್ಟಳು.

ಇತ್ತ ತಾಯಿಗೆ ನಿದ್ದೆಯಿಲ್ಲ. "ವಾಪಸ್ ಬಂದುಬಿಡು ಕೂಸೆ" ಎಂದು ಅವಳು. ವಿಶ್ವವಿದ್ಯಾಲಯದ ಕಚೇರಿಗೆ ತಾನೇ ಫೋನು ಮಾಡುವೆನೆಂದು ತಮ್ಮ. ನಾನು ಇಬ್ಬರನ್ನೂ ತಡೆದೆನು. ತಡೆದದ್ದು ಸರಿಯೋ ತಪ್ಪೋ ಎಂದು ಆ ವಾರವಿಡೀ ನನಗೂ ಅಳುಕಿತ್ತೆಂಬುದನ್ನು ಮುಚ್ಚಿಡಲಾರೆ.

ಮುಂದಿನ ದಿನಗಳು ಕಾಗದಪತ್ರಗಳಲ್ಲಿಯೇ ಸಂದವು. ಹೊಸ ಮನೆ ಹೊಕ್ಕ ಎರಡು ವಾರದೊಳಗಾಗಿ ಊರಿನ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕೆಂಬುದು ಅಲ್ಲಿಯ ಕಾನೂನು. ಮನೆಯ ಮಾಲೀಕರ ಸಹಿಯುಳ್ಳ ದೃಢೀಕರಣ ಪತ್ರವೂ ಬೇಕು. ಅದನ್ನು ಮುಗಿಸಿ ಬ್ಯಾಂಕಿನಲ್ಲಿ ಖಾತೆ ತೆರೆದಳು. ಕಾರ್ಡು ಅಂಚೆಯಲ್ಲಿ ಬರುವುದೆಂದರು. ಒಂದು ವಾರ ಕಳೆದರೂ ಬರಲಿಲ್ಲ. ಕೈಯಲ್ಲಿದ್ದ ನಗದು ಕರಗುತ್ತಿತ್ತು. ಪರದೇಶಿಯೆಂದು ತನ್ನನ್ನು ಕಡೆಗಣಿಸಿದ್ದಾರೆಂಬ ಸಂಶಯ ಅವಳ ಮನಸ್ಸಿನಲ್ಲಿ ಬೇರೂರತೊಡಗಿತು.

ಹೀಗಿರುವಾಗ ಒಂದು ಸಂಜೆ ಅವಳ ಬಾಗಿಲ ಹಿಡಿಗೆ ಯಾರೋ ಪುಟ್ಟ ಹಲಗೆಯೊಂದನ್ನು ತೂಗುಹಾಕಿದ್ದರು. ತಪ್ಪಿ ಬಂದುದೆಂದು ತಿಳಿದು ಅವಳು ಅದನ್ನು ತೆಗೆದು ಗೋಡೆಗೆ ಒರಗಿಸಿಟ್ಟಳು. ಎರಡು ದಿನದ ಮೇಲೆ ಕೆಳಗಿನ ಅಂತಸ್ತಿನ ವೃದ್ಧೆಯೊಬ್ಬರು ಪೊರಕೆ ಹಿಡಿದು ಬಂದು ಬಾಗಿಲು ತಟ್ಟಿದರು. ಶ್ವಾಬಿಯಾ ಎಂಬ ಆ ಸೀಮೆಯಲ್ಲಿ ಮೆಟ್ಟಿಲು, ಅಂಗಳಗಳನ್ನು ಗುಡಿಸುವ ಕೆಲಸ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಬರುತ್ತದೆ. ಅದಕ್ಕೆ 'ಕೇರ್‌ವೋಖೆ' ಎಂದು ಹೆಸರು. ಸರದಿ ಯಾರದೋ ಅವರ ಬಾಗಿಲಿಗೆ ಹಲಗೆ ತೂಗುತ್ತದೆ. ಆ ಅಜ್ಜಿ ಗದರಲಿಲ್ಲ. ಆದರೆ ಅವಳನ್ನು 'ಜೀ' ಎಂದು ಬಹುವಚನದಲ್ಲಿಯೇ ಮಾತನಾಡಿಸಿದರು. ಜರ್ಮನ್ ಭಾಷೆಯಲ್ಲಿ ನಮ್ಮ ಹಾಗೆಯೇ 'ನೀನು' ಎನ್ನಲು 'ಡೂ', 'ನೀವು' ಎನ್ನಲು 'ಜೀ' ಎಂಬ ಎರಡು ಮಾತುಗಳಿವೆ. ನಮ್ಮಲ್ಲಿ ಹಿರಿಯರು ಕಿರಿಯರಿಗೆ 'ನೀವು' ಎಂದರೆ ಮುನಿಸು ಅಥವಾ ದೂರದ ಭಾವ. ಅಲ್ಲಿ ಪ್ರಾಧ್ಯಾಪಕರು ಸಹ ಹರೆಯದ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಹಾಗೆಯೇ ಕರೆಯುತ್ತಾರೆ. ಅದು ಪ್ರಾಯಕ್ಕೆ ಬಂದವರಿಗೆ ಸಲ್ಲಿಸುವ ಮರ್ಯಾದೆ. ತಾನು ತಣ್ಣಗಿನ ನಡತೆಯೆಂದು ಭಾವಿಸಿದ್ದು ಗೌರವವಾಗಿತ್ತೆಂಬುದು ಅವಳಿಗೆ ಅಂದು ಅರಿವಾಯಿತು.

ಇಬ್ಬರೂ ಸೇರಿ ಮೆಟ್ಟಿಲು ಗುಡಿಸಿದರು. ಕೆಳಗೆ ಬಂದಾಗ ಅವಳು ಧೈರ್ಯ ತಂದುಕೊಂಡು, ಬ್ಯಾಂಕಿನ ಕಾರ್ಡು ಬಾರದ ಸಂಗತಿಯನ್ನು ಹರಕುಮುರುಕು ಜರ್ಮನ್‌ನಲ್ಲಿ ಹೇಳಿ ಏನು ಮಾಡಲೆಂದು ಕೇಳಿದಳು. ಅಜ್ಜಿ ಅಂಚೆ ಪೆಟ್ಟಿಗೆಗಳ ಸಾಲಿನತ್ತ ಬೆರಳು ತೋರಿಸಿದರು. ಅಲ್ಲಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ಬೀದಿಯ ಹೆಸರು, ಕಟ್ಟಡದ ಸಂಖ್ಯೆ ಮಾತ್ರ ಇರುತ್ತವೆ. ಒಳಗಿನ ಮನೆಗೆ ಸಂಖ್ಯೆಯಿರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ. ಹೆಸರಿಲ್ಲದಿದ್ದರೆ ಕಾಗದ ಮರಳಿ ಹೋಗುತ್ತದೆ. ಅವಳ ಪೆಟ್ಟಿಗೆಯ ಮೇಲೆ ಬೇರೆ ಇಬ್ಬರ ಹೆಸರುಗಳಷ್ಟೇ ಇದ್ದವು.

"ನೀವು ಇಲ್ಲಿರುವಿರೆಂದು ಯಾರಿಗೆ ತಿಳಿಯಬೇಕು?" ಎಂದರಂತೆ ಆ ಅಜ್ಜಿ.

ಅಂದೇ ಚೀಟಿಯ ಮೇಲೆ ದುಂಡಗೆ ಹೆಸರು ಬರೆದು ಅಂಟಿಸಿದಳು. ಬ್ಯಾಂಕಿಗೆ ಹೋಗಿ ಮತ್ತೊಮ್ಮೆ ಕೇಳಿಕೊಂಡಳು. ಕೆಲವು ದಿನಗಳಲ್ಲಿ ಕಾರ್ಡು ಬಂದಿತು. ಹಿಂದೆಯೇ ಇನ್ನೊಂದು ಲಕೋಟೆಯಲ್ಲಿ ಅದರ ಗುಪ್ತಸಂಖ್ಯೆ ಬಂದಿತು. ಆ ರಾತ್ರಿ ಫೋನಿನಲ್ಲಿ ಅವಳು ಅಳಲಿಲ್ಲ. ಮೆಟ್ಟಿಲು ಗುಡಿಸಿದ ಕಥೆ ಹೇಳಿ ತಾಯಿಯನ್ನು ನಗಿಸಿದಳು.

ಟ್ಯೂಬಿಂಗನ್ ಕನ್ನಡಿಗರಿಗೆ ಅಪರಿಚಿತ ಊರೇನಲ್ಲ. 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ಅವರು ಬಾಳಿನ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ನಿಧನರಾದದ್ದು ಅಲ್ಲಿಯೇ. ಭಾಷೆ ತಿಳಿಯದ ನೆಲಕ್ಕೆ ಬಂದಿಳಿದ ಆ ತರುಣನೂ ಮೊದಲ ದಿನಗಳಲ್ಲಿ ನಮ್ಮವರನ್ನು ಕೇಳದೆ ಒಂದು ಶಬ್ದವನ್ನಾದರೂ ಕಲಿತಿರಲಾರನು. ಕೇಳುವವನು ಚಿಕ್ಕವನಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳ ಪೆಟ್ಟಿಗೆ ತುಂಬುವಾಗ ರೊಟ್ಟಿಯ ಜೊತೆಗೆ ಕೇಳುವ ಅಭ್ಯಾಸವನ್ನೂ ಕಟ್ಟಿಕೊಡಿರಿ. ಇಲ್ಲಿರುವಾಗಲೇ ಬ್ಯಾಂಕು, ಅಂಚೆ, ಕಚೇರಿಗಳ ಕೆಲಸಕ್ಕೆ ಅವರನ್ನೇ ಕಳುಹಿಸಿರಿ. ಅವರು ಅತ್ತಾಗ ಸಮಾಧಾನದಿಂದ ಕೇಳಿಸಿಕೊಳ್ಳಿರಿ. ಆದರೆ ಅವರು ಆಡಬೇಕಾದ ಮಾತನ್ನು ನೀವು ಆಡಲು ಹೋಗಬೇಡಿರಿ.

ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಬೀದರ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದು ಓದುತ್ತಾಳೆ. ಕಳೆದ ತಿಂಗಳು ಅಲ್ಲಿಗೆ ಹೋದಾಗ ಗೇಟಿನ ಬಳಿಯ ಅಂಚೆ ಪೆಟ್ಟಿಗೆಯನ್ನು ನೋಡಿದೆನು. ತಮ್ಮನ ಹೆಸರಿನ ಕೆಳಗೆ ಆ ಹುಡುಗಿಯ ಹೆಸರೂ ಇತ್ತು. ಬರೆದವರು ಯಾರೆಂದು ನಾನು ಕೇಳಲಿಲ್ಲ, ಅಕ್ಷರ ನಾದಿನಿಯದಾಗಿತ್ತು.